ಗಾಲ್ಫ್‌ಗೆ ಅಂತ ಮಾರುವ ಭುಜದ ಕಿಟ್: ಭುಜಕ್ಕೆ ಓಕೆ, ತಿರುಗೋದಕ್ಕೆ ಅಷ್ಟಕ್ಕಷ್ಟೇ

ಹೊಸೂರಲ್ಲಿ ಗಾಲ್ಫ್ ಯಾರು ಆಡ್ತಾರೆ ಅಂತ ನಗಬೇಡಿ, ನಾವು ಕೆಲವರು ಇದ್ದೇವೆ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡು, ಭಾನುವಾರ ಕ್ಲಬ್ (ಗಾಲ್ಫ್ ಕೋಲು) ಎತ್ತಿದರೆ ಭುಜ ಅರ್ಧಕ್ಕೇ ನಿಲ್ಲುತ್ತದೆ, ಉಳಿದಿದ್ದನ್ನು ಕೈ ಎಳೆಯುತ್ತದೆ, ಚೆಂಡು ಬಲಗಡೆ ಪೊದೆಗೆ. ಅದಕ್ಕೇ ಇಲ್ಲಿನ ಒಂದು ಸ್ಪೋರ್ಟ್ಸ್ ಅಂಗಡಿಯಲ್ಲಿ ಈ ಕಿಟ್ ತಗೊಂಡೆ. ಒಳಗೆ ಹಳದಿ, ಕೆಂಪು, ನೀಲಿ ರಬ್ಬರ್ ಬ್ಯಾಂಡ್, ಬಾಗಿಲ ಸಂದಿಗೆ ಸಿಕ್ಕಿಸುವ ಒಂದು ಪಟ್ಟಿ, ಚಿತ್ರ ಇರುವ ಒಂದು ಹಾಳೆ. ಅಷ್ಟೇ.

ಭುಜಕ್ಕೆ ಬ್ಯಾಂಡ್ ನಿಜವಾಗಿ ಚೆನ್ನಾಗಿದೆ. ಭುಜದ ಕೀಲಿನಲ್ಲಿ ಗುಂಡು ದೊಡ್ಡದು, ಗುಳಿ ಆಳ ಇಲ್ಲ. ಅದಕ್ಕೇ ಕೈ ಎಲ್ಲಾ ಕಡೆ ತಿರುಗುತ್ತದೆ, ಅದಕ್ಕೇ ಬೇಗ ನೋವೂ ಬರುತ್ತದೆ. ಅದನ್ನು ಜಾಗದಲ್ಲಿ ಹಿಡಿದಿಡುವುದು ರೊಟೇಟರ್ ಕಫ್ ಅನ್ನುವ 4 ಸ್ನಾಯು. ಮೊಣಕೈ ಮಡಚಿ ಪಕ್ಕೆಗೆ ಅಂಟಿಸಿ, ನಡುವೆ ಮಡಚಿದ ಟವೆಲ್ ಇಟ್ಟುಕೊಂಡು ಬ್ಯಾಂಡನ್ನು ಹೊರಗೆ ಎಳೆಯಿರಿ, ನಿಧಾನಕ್ಕೆ ವಾಪಸ್ ಬನ್ನಿ. ಟವೆಲ್ ಬಿತ್ತು ಅಂದರೆ ಮೊಣಕೈ ಜಾರಿದೆ ಅಂತ ಅರ್ಥ. ಇದಕ್ಕೆ ಎಲ್ಲಕ್ಕಿಂತ ಸಡಿಲವಾದ ಹಳದಿ ಸಾಕು. ನೀಲಿ ಹಿಡಿದು ಪೌರುಷ ತೋರಿಸಲು ಹೋದರೆ ಕತ್ತು ಬಿಗಿಯುತ್ತದೆ, ಬೇರೇನೂ ಆಗಲ್ಲ.

ತಕರಾರು ಇರುವುದು ಆ ಹಾಳೆಯ ಮೇಲೆ. ಬ್ಯಾಂಡ್ ಎಳೆದರೆ ಸಾಕು, ಬ್ಯಾಕ್‌ಸ್ವಿಂಗ್‌ನಲ್ಲಿ, ಅಂದರೆ ಹೊಡೆಯುವ ಮುಂಚೆ ಕ್ಲಬ್ ಹಿಂದಕ್ಕೆ ಎತ್ತುವಾಗ, ಪೂರ್ತಿ ತಿರುವು ಸಿಗುತ್ತದೆ ಅಂತ ಬರೆದಿದ್ದಾರೆ. ಸುಮ್ನೆ ಮಾತು. ಸಾಮಾನ್ಯವಾಗಿ ಹೇಳುವ ಲೆಕ್ಕ ಭುಜ ಸುಮಾರು 90 ಡಿಗ್ರಿ, ಸೊಂಟ 45. ಈ ಎರಡರ ಅಂತರವನ್ನೇ ಕೋಚ್ ಜಿಮ್ ಮೆಕ್ಲೀನ್ 1992ರಲ್ಲಿ ಎಕ್ಸ್ ಫ್ಯಾಕ್ಟರ್ ಅಂತ ಜನಪ್ರಿಯ ಮಾಡಿದ್ದು. ಆದರೆ ಆ ತಿರುವು ಬರುವುದು ಭುಜದ ಕೀಲಿನಿಂದಲ್ಲ ಸ್ವಾಮಿ, ಪಕ್ಕೆಲುಬು ಸೇರುವ ನಡು ಬೆನ್ನಿನ 12 ಮೂಳೆಗಳಿಂದ ಜಾಸ್ತಿ ಬರುತ್ತದೆ. ಕೆಳಬೆನ್ನಿನ 5 ಮೂಳೆ ತಿರುಗುವುದು ಸ್ವಲ್ಪವೇ, ಮೇಲಿನದು ಬಿಗಿದುಕೊಂಡಿದ್ದರೆ ಭಾರ ಅದರ ಮೇಲೆ ಬೀಳುತ್ತದೆ. ಕುರ್ಚಿಯಲ್ಲಿ ಕೂತು, ಮಂಡಿಗಳ ನಡುವೆ ದಿಂಬು ಒತ್ತಿ ಹಿಡಿದು, ಎದೆಗೆ ಕೈ ಕಟ್ಟಿ ತಿರುಗಿ ನೋಡಿ. ಎರಡೂ ಕಡೆ 45 ಡಿಗ್ರಿ ಬರದಿದ್ದರೆ ಮೊದಲು ಬೆನ್ನು ಸಡಿಲ ಮಾಡಬೇಕು. ಅದಕ್ಕೆ ಬ್ಯಾಂಡೇ ಬೇಡ! ಚಾಪೆ ಹಾಸಿ ಪಕ್ಕಕ್ಕೆ ಮಲಗಿ, ಮಂಡಿ ಮಡಚಿ ಒಂದರ ಮೇಲೊಂದು ಇಟ್ಟು, ಮೇಲಿನ ಕೈಯನ್ನು ಹಿಂದಕ್ಕೆ ಬಿಚ್ಚುತ್ತಾ ಹೋಗಿ, ಮಂಡಿ ಮಾತ್ರ ಏಳಬಾರದು. ಕಿಟ್‌ನ ಹಾಳೆಯಲ್ಲಿ ಇದೇ ಇಲ್ಲ ನೋಡಿ.

ಇನ್ನೊಂದು. ಚಿತ್ರದಲ್ಲಿ ಆ ಮನುಷ್ಯ ನೆಟ್ಟಗೆ ನಿಂತು ಬ್ಯಾಂಡ್ ಎಳೀತಾನೆ. ಗಾಲ್ಫ್‌ನಲ್ಲಿ ನಾವು ಸೊಂಟದಿಂದ ಬಾಗಿ ನಿಂತಿರುತ್ತೇವೆ, ಬಲಗೈ ಆಟಗಾರರ ಎಡಭುಜ ಗದ್ದದ ಕೆಳಗೆ ಇಳಿದು ಬರಬೇಕು. ನೆಟ್ಟಗೆ ನಿಂತು ಕಲಿತರೆ ಭುಜ ನೆಲಕ್ಕೆ ಸಮನಾಗಿ ಸುತ್ತುವುದೇ ಅಭ್ಯಾಸ ಆಗುತ್ತದೆ, ಅಲ್ವಾ? ಬಾಗಿಯೇ ಮಾಡಿ.

ರಬ್ಬರ್ ಗುಣಮಟ್ಟ ಸುಮಾರು. ಕೆಂಪು ಬ್ಯಾಂಡ್‌ನ ಅಂಚಲ್ಲಿ ಬೇಗ ಸೀಳು ಬಿತ್ತು. ಎಳೆಯುವ ಮುಂಚೆ ಒಮ್ಮೆ ನೋಡಿಕೊಳ್ಳಿ, ಹರಿದರೆ ಸೀದಾ ಮುಖಕ್ಕೆ ಬಡಿಯುತ್ತದೆ. ಬಿಸಿಲಿಗೆ ಇಡಬೇಡಿ, ಸ್ವಲ್ಪ ಪೌಡರ್ ಸವರಿಟ್ಟರೆ ಅಂಟಿಕೊಳ್ಳಲ್ಲ. ಭುಜ ಈಗಾಗಲೇ ನೋಯ್ತಿದ್ದರೆ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.

ನನ್ನ ಕಡೆಯಿಂದ 5ಕ್ಕೆ 3. ಬಿಡಿಯಾಗಿ ಸಿಕ್ಕರೆ ಹಳದಿ ಒಂದೇ ತಗೊಳ್ಳಿ. ಬಣ್ಣ ಕಂಪನಿಗೊಂದು ಥರ ಇರುತ್ತದೆ, ಅಂಗಡಿಯಲ್ಲೇ ಎಳೆದು ನೋಡಿ, ಬಿಲ್ ಆದ ಮೇಲೆ ನನಗಂತೂ ಬದಲಾಯಿಸಿ ಕೊಡಲಿಲ್ಲ.