ಒಂದೇ ಹಡಗು, ಮೂರು ಸಲ: ಪ್ಲಾಸ್ಟಿಕ್, ಮರ, ರಟ್ಟು

ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ಓಡುತ್ತಿದ್ದ ಹಳೆಯ ಉಗಿಹಡಗು ರಾಬರ್ಟ್ ಇ. ಲೀಯ ಮಾಡೆಲ್ ಅನ್ನು ನಾನು ಮೂರು ಸಲ ಕಟ್ಟಿದ್ದೇನೆ. ಮೊದಲು ಪ್ಲಾಸ್ಟಿಕ್ ಕಿಟ್, ಆಮೇಲೆ ಮರದ ಕಿಟ್, ಕೊನೆಗೆ ಕಿಟ್ಟೇ ಇಲ್ಲದೆ ರಟ್ಟಿನಲ್ಲಿ. ಮೂರೂ ಈಗ ಮಂಗಳೂರಿನ ನಮ್ಮ ಮನೆಯ ಕಪಾಟಿನಲ್ಲಿ ಒಂದರ ಪಕ್ಕ ಒಂದು ನಿಂತಿವೆ. ಯಾವುದರಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ಮೊದಲು ರೇಲಿಂಗ್ ನೋಡಿ ಅನ್ನುತ್ತೇನೆ.

ಯಾಕೆ ರೇಲಿಂಗ್? ಮಿಸಿಸಿಪ್ಪಿಯ ಹಡಗುಗಳು ತುಂಬ ಹಗುರ. ಆಳ ಕಡಿಮೆ ಇರುವ ನದಿ, ಹಾಗಾಗಿ ಚಪ್ಪಟೆ ತಳ, ಅದರ ಮೇಲೆ ತೆಳು ಹಲಗೆಯ ಅಂತಸ್ತುಗಳು, ಸುತ್ತ ರೇಲಿಂಗ್‌ನ ಕಡ್ಡಿಯಂಥ ಕಂಬಗಳು. ಇಷ್ಟು ಉದ್ದದ ತೆಳು ಒಡಲು ಎರಡೂ ತುದಿಯಲ್ಲಿ ಜೋತು ಬೀಳದಿರಲಿ ಅಂತ ಬೇರೆ ಗಟ್ಟಿ ಕಂಬಗಳ ಮೇಲಿಂದ ಕಬ್ಬಿಣದ ಸರಳು ಎಳೆದು ಬಿಗಿಯುತ್ತಿದ್ದರು. ಅದಕ್ಕೆ ಹಾಗ್ ಚೈನ್ ಅನ್ನುತ್ತಾರೆ. ಈ ತೆಳುತನ ಬರದಿದ್ದರೆ ಮಾಡೆಲ್ ಆಟದ ಸಾಮಾನಿನ ಥರ ಕಾಣುತ್ತದೆ, ನೀರು ತಳ್ಳಿ ಹಡಗನ್ನು ಓಡಿಸುವ ಚಕ್ರ ಎಷ್ಟೇ ಚೆನ್ನಾಗಿದ್ದರೂ ಅಷ್ಟೇ. ಲೀಯ ಚಕ್ರಗಳು ಎರಡು ಪಕ್ಕದಲ್ಲಿವೆ, ಮೇಲಿನ ಭಾಗವೆಲ್ಲ ಪೆಟ್ಟಿಗೆಯೊಳಗೆ ಮುಚ್ಚಿಹೋಗುತ್ತದೆ.

ಲೆಕ್ಕ ನೋಡಿ. ಎರಡು ಇಂಚು ದಪ್ಪದ ರೇಲಿಂಗ್ ಕಂಬ 1:271 ಸ್ಕೇಲ್‌ನಲ್ಲಿ, ಅಂದರೆ ಅಸಲಿಯ 271ರಲ್ಲಿ ಒಂದು ಪಾಲಿನ ಅಳತೆಯಲ್ಲಿ, 0.19 ಮಿ.ಮೀ. ಆಗುತ್ತದೆ, 1:150ರಲ್ಲಿ 0.34, 1:100ರಲ್ಲಿ 0.5. ನನ್ನ ಪ್ಲಾಸ್ಟಿಕ್ ಹಡಗು 1:271, ಉದ್ದ ಹೆಚ್ಚುಕಡಿಮೆ ಒಂದು ಅಡಿ. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಅಷ್ಟು ತೆಳುವಾಗಿ ಬರುವುದಿಲ್ಲ, ಅದು ಆ ವಸ್ತುವಿನ ಮಿತಿ. ಆದರೂ ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಪ್ಲಾಸ್ಟಿಕ್ಕೇ. ಮೂರು ಭಾನುವಾರದಲ್ಲಿ ಮುಗಿಯಿತು, ಯಾವ ಅಂತಸ್ತಿನ ಮೇಲೆ ಯಾವುದು ಕೂರುತ್ತದೆ, ಚುಕ್ಕಾಣಿ ಹಿಡಿಯುವ ಕೋಣೆ ಪೈಲಟ್ ಹೌಸ್ ಎಲ್ಲಿ, ಚಿಮಣಿ ಎಲ್ಲಿಂದ ಏಳುತ್ತದೆ ಎಲ್ಲ ಕೈಗೆ ಗೊತ್ತಾಗಿಬಿಟ್ಟಿತು. ಹಾಗ್ ಚೈನ್ ಮಾತ್ರ ನಾನೇ ಮಾಡಿದೆ. ಬಿಡಿಭಾಗಗಳು ಅಂಟಿಕೊಂಡಿರುತ್ತವಲ್ಲ ಆ ಪ್ಲಾಸ್ಟಿಕ್ ಕಡ್ಡಿ, ಅದನ್ನು ಮೇಣದ ಬತ್ತಿಯ ಮೇಲೆ ಹಿಡಿದು, ಮೆತ್ತಗಾಗಿ ಹೊಳೆಯತೊಡಗಿದ ಕೂಡಲೇ ಬೆಂಕಿಯಿಂದ ಆಚೆ ತಂದು ಎರಡೂ ಕೈಯಲ್ಲಿ ನಿಧಾನಕ್ಕೆ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ದಾರಕ್ಕಿಂತ ಇದು ಎಷ್ಟೋ ವಾಸಿ, ಜುಂಗು ಏಳುವುದಿಲ್ಲ. ಇನ್ನೊಂದು, ಅಚ್ಚ ಬಿಳಿ ಹೊಳಪು ಬಣ್ಣ ಬೇಡ. ಸ್ವಲ್ಪ ಕೆನೆ ಬೆರೆತ, ಹೊಳಪಿಲ್ಲದ ಬಿಳಿ ಹಚ್ಚಿ.

ಮರದ್ದು 1:150, ಎಂಟು ತಿಂಗಳು ಹಿಡಿಯಿತು. ಒಡಲು ಕಟ್ಟುವುದು ಹಾಯಿಹಡಗಿನಷ್ಟು ಕಷ್ಟವಲ್ಲ. ತಳ ಚಪ್ಪಟೆ, ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸಬೇಕಾದ್ದು ಮೂತಿಯ ಹತ್ತಿರ ಮಾತ್ರ. ಆದರೆ ಒಂದು ವಿಷಯ ಯೋಚಿಸಿ. ಅಸಲಿ ಹಡಗು ಹೆಚ್ಚುಕಡಿಮೆ ಪೂರ್ತಿ ಬಿಳಿ. ಅಂದಮೇಲೆ ಮರದ ಚಂದವನ್ನೆಲ್ಲ ಬಣ್ಣದಡಿ ಮುಚ್ಚಲೇಬೇಕು, ಅದಕ್ಕೂ ಮೊದಲು ಮರದ ಸಣ್ಣ ರಂಧ್ರ ಮುಚ್ಚುವ ಸೀಲರ್ ಹಚ್ಚಿ ಉಜ್ಜಿ, ಮತ್ತೆ ಹಚ್ಚಿ ಉಜ್ಜಿ ಮರದ ಎಳೆ ಕಾಣದ ಹಾಗೆ ಮಾಡಬೇಕು. ಎಂಟರಲ್ಲಿ ಎರಡು ತಿಂಗಳು ಬರೀ ಇದಕ್ಕೇ ಹೋಯಿತು. ರೇಲಿಂಗ್‌ನಲ್ಲಿ ನನ್ನದೊಂದು ದೊಡ್ಡ ತಪ್ಪೂ ಆಯಿತು. ಈ ಹಡಗಿನ ಡೆಕ್ ಮೂತಿಯ ಕಡೆಗೂ ಹಿಂಬದಿಗೂ ಮೆಲ್ಲಗೆ ಏರುತ್ತದೆ. ಕಂಬಗಳು ಮಾತ್ರ ಎಲ್ಲ ಕಡೆ ನೆಟ್ಟಗೆ, ತೂಗುಗುಂಡು ಬಿಟ್ಟ ಹಾಗೆ ನಿಲ್ಲಬೇಕು. ನಾನು ಡೆಕ್‌ಗೆ ಮೂಲೆಮಟ್ಟ ಇಟ್ಟು ಅಂಟಿಸಿದೆ. ತುದಿಗೆ ಹೋಗುತ್ತಾ ಹೋಗುತ್ತಾ ಕಂಬಗಳು ಬೀಸಣಿಗೆಯ ಕಡ್ಡಿಗಳ ಹಾಗೆ ವಾಲಿಕೊಂಡಿವೆ. ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಅದೇ ಕಾಣುತ್ತದೆ. ನೀವು ಮಾಡುವಾಗ ಮೊದಲೇ ನೋಡಿಕೊಳ್ಳಿ.

ಇನ್ನು ರಟ್ಟು. 1:100, ಒಂದೂವರೆ ವರ್ಷ, ಉದ್ದ ಮೂರು ಅಡಿಗೆ ಸ್ವಲ್ಪ ಕಡಿಮೆ. ಮೂರರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಖರ್ಚು ಉಳಿಯುತ್ತದೆ, ಆದರೆ ಅದಕ್ಕಾಗಿ ಅಲ್ಲ. ಬಿಳಿ ಬಣ್ಣ ಹಚ್ಚಿದ ತೆಳು ಹಲಗೆಯ ಹಾಗೆ ಕಾಣಲು ರಟ್ಟಿಗಿಂತ ಬೇರೆ ವಸ್ತು ಬೇಕೇ ಇಲ್ಲ, ಎಳೆ ಇಲ್ಲ, ದಪ್ಪ ಇಲ್ಲ, ಬ್ಲೇಡಿನಿಂದ ಕಿಟಕಿ ಕತ್ತರಿಸಿದರೆ ಅಂಚು ಚೂಪಾಗಿ ನಿಲ್ಲುತ್ತದೆ. ಕಂಬಗಳಿಗೆ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 25 ಗೇಜ್ ತಾಮ್ರದ ತಂತಿ ತಂದೆ, ಸರಿಯಾಗಿ ಅರ್ಧ ಮಿ.ಮೀ. ಅದರ ಮೇಲಿನ ಲೇಪ ಕೆರೆದು ತೆಗೆಯದಿದ್ದರೆ ಬೆಸುಗೆ ಕೂರುವುದಿಲ್ಲ. ಚಕ್ರದ ಕಡ್ಡಿಗಳಿಗೆ ಅಗರಬತ್ತಿಯ ಬಿದಿರು. ಚಿಮಣಿಗೆ ಪೆನ್ನಿನ ಮೇಲೆ ಸುತ್ತಿದ ಪೇಪರ್.

ನಮ್ಮೂರಿನ ಮಳೆಗಾಲ ಮಾತ್ರ ರಟ್ಟಿಗೆ ಶತ್ರು. ಮೊದಲ ಜುಲೈನಲ್ಲೇ ಮೇಲಿನ ಡೆಕ್ ಹಪ್ಪಳದ ಹಾಗೆ ಎದ್ದು ನಿಂತಿತು, ಪೂರ್ತಿ ಬಿಚ್ಚಿ ಹೊಸದಾಗಿ ಮಾಡಬೇಕಾಯಿತು. ಆಮೇಲೆ ಬಡಗಿಗಳು ಬಳಸುವ ಫ್ರೆಂಚ್ ಪಾಲಿಶ್ ಅನ್ನು ಕತ್ತರಿಸುವ ಮೊದಲೇ ಎರಡೂ ಬದಿಗೆ ಹಚ್ಚತೊಡಗಿದೆ. ಒಂದೇ ಬದಿಗೆ ಹಚ್ಚಿದರೆ ಅದೇ ಬಾಗುತ್ತದೆ. ಎರಡೂ ಬದಿ ಹಚ್ಚಿದ ಮೇಲೆ ಎರಡು ಮಳೆಗಾಲ ಕಳೆದಿವೆ, ಒಂದು ಕೂದಲೆಳೆಯಷ್ಟೂ ಅಲುಗಿಲ್ಲ.

ರಟ್ಟಿನಲ್ಲಿ ಇನ್ನೊಂದು ಸ್ವಾತಂತ್ರ್ಯ ಇದೆ. ಲೀ ಹೆಸರಾದದ್ದು 1870ರ ಪೈಪೋಟಿಯಿಂದ ಅಲ್ವಾ? ಜೂನ್ 30ರಂದು ನ್ಯೂ ಆರ್ಲಿಯನ್ಸ್ ಬಿಟ್ಟು, 3 ದಿನ 18 ಗಂಟೆ 14 ನಿಮಿಷದಲ್ಲಿ ಸೇಂಟ್ ಲೂಯಿಸ್ ಮುಟ್ಟಿ, ನ್ಯಾಚೆಸ್ ಹಡಗನ್ನು ಸೋಲಿಸಿತು. ಕ್ಯಾಪ್ಟನ್ ಜಾನ್ ಕ್ಯಾನನ್ ಅದಕ್ಕೂ ಮೊದಲು ಹಡಗಿನಿಂದ ತೆಗೆಯಬಹುದಾದದ್ದನ್ನೆಲ್ಲ ತೆಗೆಸಿ ಹಗುರ ಮಾಡಿದ್ದ, ಸರಕು ಹೇರಿಕೊಳ್ಳಲಿಲ್ಲ. ನ್ಯಾಚೆಸ್‌ನ ಕ್ಯಾಪ್ಟನ್ ಲೆದರ್ಸ್ ಎಂದಿನ ಹಾಗೆ ಸರಕು, ಪ್ರಯಾಣಿಕರನ್ನು ಹೇರಿಕೊಂಡೇ ಹೊರಟ. ನನ್ನ ಎರಡೂ ಕಿಟ್‌ಗಳಲ್ಲಿ ಇದ್ದದ್ದು ಎಲ್ಲ ಸಜ್ಜಿನ ಹಡಗು. ನಾನು ರಟ್ಟಿನಲ್ಲಿ ಮಾಡಿದ್ದು ಆ ನಾಲ್ಕು ದಿನದ ಹಡಗು, ಖಾಲಿ ಡೆಕ್, ತೆಗೆದ ಬಾಗಿಲುಗಳ ಜಾಗದಲ್ಲಿ ಕಪ್ಪು ಸಂದುಗಳು.

ಓಟದ ಮಧ್ಯೆ ನಿಲ್ಲಬಾರದು ಅಂತ ಲೀ ಕಲ್ಲಿದ್ದಲಿನ ಬಾರ್ಜ್‌ಗಳನ್ನು, ಅಂದರೆ ಚಪ್ಪಟೆ ತಳದ ಸರಕು ದೋಣಿಗಳನ್ನು, ಪಕ್ಕಕ್ಕೆ ಕಟ್ಟಿಕೊಂಡು, ಸಾಗುತ್ತಲೇ ಇದ್ದಲು ತುಂಬಿಸಿಕೊಳ್ಳುತ್ತಿತ್ತು. ಈಗ ಅಂಥದ್ದೊಂದು ಬಾರ್ಜ್ ಮಾಡುತ್ತಿದ್ದೇನೆ. ಒಡಲು ಮುಗಿದಿದೆ, ಇಸ್ತ್ರಿ ಅಂಗಡಿಯವರ ಹತ್ತಿರ ಒಂದು ಹಿಡಿ ಇದ್ದಲು ತಂದು ಕುಟ್ಟಿ ಜರಡಿ ಹಿಡಿದಿಟ್ಟಿದ್ದೇನೆ.