ಮೀಟರ್ ನೋಡದೆ ಅಡ್ವಾನ್ಸ್ ವಾಪಸ್ ಕೊಡಬೇಡಿ

ಮನೆ ಬಾಡಿಗೆಗೆ ಕೊಟ್ಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಮೂರು ತಿಂಗಳ ಬಾಡಿಗೆ ಒಂದೇ ಒಂದು ನೀರಿನ ಬಿಲ್ಲಿಗೆ ಹೋಯಿತು.

ಮೊದಲೇ ಹೇಳುತ್ತೇನೆ, ಬಾಡಿಗೆಗೆ ಇದ್ದವರದು ಮೋಸ ಅಲ್ಲ. ಎರಡು ವರ್ಷ ಇದ್ದರು, ಒಂದು ದಿನವೂ ಬಾಡಿಗೆ ತಡ ಮಾಡಲಿಲ್ಲ. ನೀರು, ಕರೆಂಟ್ ಎರಡೂ ಕನೆಕ್ಷನ್ ನನ್ನ ಹೆಸರಿನಲ್ಲಿತ್ತು. ಬಿಲ್ ಅವರೇ ಕಟ್ಟಿ ರಸೀದಿಯ ಫೋಟೊ ಕಳಿಸುತ್ತಿದ್ದರು, ನಾನು ದುಡ್ಡು ಕಟ್ಟಿದೆಯಾ ಅಂತ ನೋಡಿ ಸುಮ್ಮನಾಗುತ್ತಿದ್ದೆ. ಖಾಲಿ ಮಾಡಿದ ದಿನ ಗೋಡೆ, ಬಾಗಿಲು, ಫ್ಯಾನು, ನಲ್ಲಿ ಎಲ್ಲ ನೋಡಿದೆ. ಕೀ ತಗೊಂಡೆ, ಅಡ್ವಾನ್ಸ್ ಅಲ್ಲೇ ಪೂರ್ತಿ ಕೊಟ್ಟುಬಿಟ್ಟೆ. ಮೀಟರ್ ಹತ್ತಿರ ಹೋಗಲೇ ಇಲ್ಲ.

ಮುಂದಿನ ಬಿಲ್ ಬಂದಾಗ ಬೇರೆ ಯಾರದೋ ಬಿಲ್ ಬಂದಿದೆ ಅಂದುಕೊಂಡೆ. ಖಾಲಿ ಮನೆಗೆ ಅಷ್ಟು ನೀರು ಹೇಗೆ? ಹಳೆಯ ಬಿಲ್ಲುಗಳ ಫೋಟೊ ತೆಗೆದು ಒಂದೊಂದಾಗಿ ಓದಿದಾಗ ಗೊತ್ತಾಯಿತು. ಮೀಟರ್ ಕಾಂಪೌಂಡ್ ಒಳಗಿದೆ, ಮನೆಯವರು ಕೆಲಸಕ್ಕೆ ಹೋದ ಹೊತ್ತಲ್ಲಿ ಗೇಟಿಗೆ ಬೀಗ. ರೀಡಿಂಗ್ ತೆಗೆಯುವವರು ಒಳಗೆ ಬರಲಾಗದೆ 13 ತಿಂಗಳು ಸರಾಸರಿ ಲೆಕ್ಕದಲ್ಲೇ ಬಿಲ್ ಹಾಕಿದ್ದರು. ಬಿಲ್ಲಿನಲ್ಲೇ ಚಿಕ್ಕ ಅಕ್ಷರದಲ್ಲಿ 'ಸರಾಸರಿ' ಅಂತ ಇತ್ತು, ಅಷ್ಟೂ ತಿಂಗಳು ನನ್ನ ಕಣ್ಣಿಗೆ ಬೀಳಲಿಲ್ಲ. ಮನೆ ಖಾಲಿಯಾಗಿ ಗೇಟ್ ತೆಗೆದಾಗ ನಿಜವಾದ ರೀಡಿಂಗ್ ಸಿಕ್ಕಿತು, ಹಿಂದಿನ ವ್ಯತ್ಯಾಸವೆಲ್ಲ ಒಂದೇ ಬಿಲ್ಲಿಗೆ ಬಂತು.

ಆದರೂ ಅಷ್ಟು ನೀರು ಎಲ್ಲಿಗೆ ಹೋಯಿತು? ನಲ್ಲಿಗಳನ್ನೆಲ್ಲ ಭದ್ರವಾಗಿ ನಿಲ್ಲಿಸಿ ಮೀಟರ್ ಮುಂದೆ ಕೂತೆ. ಗಾಜಿನ ಒಳಗಿನ ಪುಟ್ಟ ಚಕ್ರ ನಿಧಾನಕ್ಕೆ ತಿರುಗುತ್ತಲೇ ಇತ್ತು. 10 ನಿಮಿಷದಲ್ಲಿ ಕೆಂಪು ಅಂಕಿ 5 ಲೀಟರ್ ಮುಂದೆ ಹೋಯಿತು. ಅಂದರೆ ದಿನಕ್ಕೆ 720 ಲೀಟರ್, ವರ್ಷಕ್ಕೆ 2,62,800 ಲೀಟರ್, ಯಾರೂ ಮುಟ್ಟದ ನೀರು! ಫ್ಲಶ್ ಟ್ಯಾಂಕಿನ ತಳದ ರಬ್ಬರ್ ಸವೆದು ಕಮೋಡಿನ ಗೋಡೆ ಮೇಲೆ ಸಣ್ಣಗೆ ನೀರು ಇಳಿಯುತ್ತಿತ್ತು. ಸದ್ದಿಲ್ಲ, ನೆಲ ಒದ್ದೆ ಇಲ್ಲ. ಅಂಗೈಯಷ್ಟು ರಬ್ಬರ್ ಬದಲಾಯಿಸಿದ ಮೇಲೆ ಚಕ್ರ ನಿಂತಿತು.

ಹಳೆಯ ಬಾಡಿಗೆದಾರರಿಗೆ ಫೋನ್ ಮಾಡಿದೆ. "ಸರ್, ಬಂದ ಬಿಲ್ ಎಲ್ಲಾ ಕಟ್ಟಿದ್ದೀನಲ್ವಾ, ರಸೀದಿ ನಿಮ್ಮ ಹತ್ರಾನೇ ಇದೆ" ಅಂದರು. ಏನು ಹೇಳಲಿ? ಅಗ್ರಿಮೆಂಟಿನಲ್ಲಿ 'ಬಿಲ್ ಬಾಡಿಗೆದಾರರೇ ಕಟ್ಟಬೇಕು' ಅಂತಿತ್ತೇ ಹೊರತು, ಸರಾಸರಿ ಬಿಲ್ಲಿನ ವ್ಯತ್ಯಾಸ ಆಮೇಲೆ ಬಂದರೆ ಯಾರು ಕೊಡಬೇಕು ಅಂತ ಒಂದು ಸಾಲೂ ಇರಲಿಲ್ಲ. ರಿಪೇರಿ ನನ್ನ ಜವಾಬ್ದಾರಿ ಅಂತ ಮಾತ್ರ ನಾನೇ ಬರೆಸಿದ್ದೆ. ಕನೆಕ್ಷನ್ ನನ್ನ ಹೆಸರಿನಲ್ಲಿ, ಹಾಗಾಗಿ ಬಾಕಿಯೂ ನನ್ನದೇ. ಕಂತಿನಲ್ಲಿ ಕಟ್ಟುತ್ತಿದ್ದೇನೆ.

ಈಗ ಮನೆಗೆ ಬರುವ ದಿನ, ಬಿಡುವ ದಿನ ಇಬ್ಬರೂ ಮೀಟರ್ ಮುಂದೆ ನಿಂತು ಫೋಟೊ ತೆಗೆಯುತ್ತೇವೆ, ರೀಡಿಂಗ್ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಪ್ರತಿ ತಿಂಗಳೂ ರಸೀದಿಯ ಜೊತೆ ಮೀಟರಿನ ಫೋಟೊನೂ ಕೇಳುತ್ತೇನೆ. ಬಿಲ್ಲಿನ ಅಂಕಿಗೂ ಫೋಟೊದ ಅಂಕಿಗೂ ತಾಳೆ ಆಗದಿದ್ದರೆ ಆ ತಿಂಗಳೇ ದೂರು ಕೊಡುತ್ತೇನೆ. ಅಡ್ವಾನ್ಸಿನಲ್ಲಿ ಸ್ವಲ್ಪ ಭಾಗ ಕೊನೆಯ ಬಿಲ್ ಬರುವವರೆಗೆ ನನ್ನ ಹತ್ತಿರ ಇರುತ್ತದೆ ಅಂತ ಅಗ್ರಿಮೆಂಟಿನಲ್ಲೇ ಬರೆಸಿದ್ದೇನೆ. ಇದನ್ನು ಬಾಯಿಮಾತಿಗೆ ಬಿಡಬೇಡಿ, ಮನೆ ಬಿಡುವ ದಿನ ಹೇಳಿದರೆ ಜಗಳ ಗ್ಯಾರಂಟಿ.

ಕರೆಂಟಿನದೂ ಹೀಗೆಯೇ. ಮನೆಯ ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಮೀಟರ್ ಓಡುತ್ತಿದ್ದರೆ ಮೆಟ್ಟಿಲ ದೀಪವೋ ಪಂಪೋ ಆ ಲೈನಿಗೆ ಸೇರಿರಬಹುದು, ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿ.

ಫ್ಲಶ್ ಟ್ಯಾಂಕ್ ಇವತ್ತೇ ನೋಡಿ. ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ, ಫ್ಲಶ್ ಮಾಡದೆ 15 ನಿಮಿಷ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಟ್ಯಾಂಕ್ ಸೋರುತ್ತಿದೆ ಅಂತ ಅರ್ಥ, ಹೆಚ್ಚಾಗಿ ರಬ್ಬರ್ ಹೋಗಿರುತ್ತದೆ.