ಕಾಫಿ ದುಡ್ಡು ನಿಫ್ಟಿಗಾ, ಹೊರದೇಶದ ಫಂಡಿಗಾ?

ಮೂಡಿಗೆರೆಯ ಗೆಳೆಯನೊಬ್ಬ ಕಾಫಿ ಮಾರಿದ ದುಡ್ಡು ಹಿಡಿದು ಕೇಳಿದ: ನಮ್ಮ ದೇಶದ 50 ದೊಡ್ಡ ಕಂಪನಿಗಳ ಷೇರು ಕೊಳ್ಳುವ ನಿಫ್ಟಿ ಇಂಡೆಕ್ಸ್ ಫಂಡಾ, ಇಲ್ಲಾ ಬೆಳೆಯುತ್ತಿರುವ ಹತ್ತಾರು ದೇಶಗಳ ಷೇರು ಕೊಳ್ಳುವ ಫಂಡಾ? ಲಾಭದ ಲೆಕ್ಕ ಆಮೇಲೆ. ತೋಟ ಕೊಳ್ಳುವ ಮುಂಚೆ ಪಹಣಿ ನೋಡುವ ಹಾಗೆ, ಮೊದಲು ಸರ್ಕಾರ ನೋಡಬೇಕು.

ನಿಫ್ಟಿಯಲ್ಲಿ ಒಂದೇ ಸರ್ಕಾರದ ಮೇಲೆ ಪೂರ್ತಿ ಭಾರ. 2024ರ ಜೂನ್ 4ರಂದು, ಚುನಾವಣೆ ಫಲಿತಾಂಶದ ದಿನ, ಅದು ಸುಮಾರು 6% ಬಿತ್ತು. ಕೆಲವೇ ದಿನದಲ್ಲಿ ಎದ್ದು ನಿಂತಿತು, ಯಾಕಂದ್ರೆ ಆಟದ ನಿಯಮ ಬದಲಾಗಿರಲಿಲ್ಲ. ಷೇರುಪೇಟೆ ಕಾಯುವ ಸೆಬಿಗೆ 1992ರಿಂದ ಕಾನೂನಿನ ಬಲವಿದೆ. ಹಗರಣಗಳೇ ಇಲ್ಲ ಅಂತಲ್ಲ, ಆದರೆ ದೂರು ಕೊಡೋಕೆ ಒಂದು ಬಾಗಿಲಿದೆ.

ಹೊರದೇಶದ ಫಂಡಿನಲ್ಲಿ ಅಪಾಯ ಹಂಚಿಹೋಗುತ್ತದೆ ನಿಜ. ಆದರೆ ಅಪಾಯದ ಬಗೆಗಳೂ ಜಾಸ್ತಿ. 2021ರ ಜುಲೈನಲ್ಲಿ ಚೀನಾ ಸರ್ಕಾರ ಶಾಲಾ ಪಾಠದ ಟ್ಯೂಷನ್ ಕಂಪನಿಗಳು ಲಾಭ ಮಾಡುವಂತಿಲ್ಲ ಎಂದಿತು. ಷೇರುಗಳು ನೆಲಕಚ್ಚಿದವು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಮಾಸ್ಕೋ ಷೇರುಪೇಟೆಯ ಬಾಗಿಲು ಸುಮಾರು ಒಂದು ತಿಂಗಳು ಮುಚ್ಚಿತ್ತು. ಇಂಥ ಹಲವು ಫಂಡುಗಳು ಅನುಸರಿಸುವ ಸೂಚ್ಯಂಕ ಕಟ್ಟುವ ಎಂಎಸ್‌ಸಿಐ ಸಂಸ್ಥೆ ಅದರಿಂದ ರಷ್ಯಾ ಷೇರುಗಳನ್ನು ತೆಗೆದಾಗ ಕಟ್ಟಿದ ಬೆಲೆ ಹೆಚ್ಚುಕಮ್ಮಿ ಸೊನ್ನೆ! ಟರ್ಕಿಯದು ಇನ್ನೊಂದು ಕಥೆ. ಅದೇ ವರ್ಷ ಅಲ್ಲಿ ಷೇರು ಏರಿತು, ಹಣದುಬ್ಬರವೂ 85% ದಾಟಿತು.

ಇನ್ನೊಂದು ವಿಷಯ: ಇಂಥ ಫಂಡುಗಳಲ್ಲಿ ಚೀನಾ, ತೈವಾನ್, ಕೊರಿಯಾ ಜೊತೆ ಭಾರತದ ಪಾಲೂ ದೊಡ್ಡದೇ. ನಿಫ್ಟಿ ಜೊತೆ ಇದನ್ನೂ ಕೊಂಡರೆ ಭಾರತವನ್ನೇ ಎರಡು ಸಲ ಕೊಂಡಂತೆ, ಅಲ್ವಾ?

ಬಹುಪಾಲು ನಿಫ್ಟಿಗೇ ಹಾಕು ಅಂದೆ. ಬ್ರೆಜಿಲ್‌ನ ಕಾಫಿ ತೋಟಗಳ ಮೇಲೆ ಹಿಮ ಬಿದ್ದರೆ ಅವನ ಕಾಫಿ ಬೆಲೆ ಏರುತ್ತದೆ. ಹೊರದೇಶದ ಏರಿಳಿತ ಅವನ ಕಣದಲ್ಲೇ ಒಣಗುತ್ತಿದೆ.